ಬ್ರಿಟಿಷರ ಕಾಲದ ಮುತ್ತಜ್ಜಿಯನ್ನು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಮ್ಮನ ಅಜ್ಜಿಯನ್ನು, ಅಂದರೆ ತಾತನ ತಾಯಿಯನ್ನು, ಮನೆಯಲ್ಲಿ ಎಲ್ಲರೂ ಅಮ್ಮಯ್ಯ ಎನ್ನುತ್ತಿದ್ದರು. ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವರ ಗಂಡನ ಹೆಸರು ಗೊತ್ತಿತ್ತು. ಮಾವನ ಹೆಸರು ಗೊತ್ತಿತ್ತು. ಮಾವನ ಅಪ್ಪನ ಹೆಸರೂ ಗೊತ್ತಿತ್ತು. ಆರು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸಿನ ಹೆಸರು ಮಾತ್ರ ಮೂರೇ ತಲೆಮಾರಿಗೆ ಅಳಿಸಿಹೋಗಿತ್ತು. ಅದನ್ನು ಹುಡುಕಲು ನನಗೆ ನಾಲ್ಕು ವರ್ಷ ಹಿಡಿಯಿತು. ಆಮೇಲೆ ನೆಂಟರು, ಗೆಳೆಯರು ತಮ್ಮ ತಮ್ಮ ಮನೆಯ ಅಜ್ಜಿಯರ ಬಗ್ಗೆ ಕೇಳಲು ಶುರು ಮಾಡಿದರು. ಅವರು ಕೇಳಿದ್ದನ್ನೂ ನಾನು ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ಎಲ್ಲಿಂದ ಶುರು ಮಾಡಬೇಕು?

ತವರಿನಿಂದ. ನನ್ನ ನಾಲ್ಕು ವರ್ಷದಲ್ಲಿ ಮೂರು ವರ್ಷ ಹಾಳಾದದ್ದು ಇದು ತಿಳಿಯದೆ. ನಾವೆಲ್ಲ ಗಂಡನ ಮನೆಯ ವಂಶವೃಕ್ಷ ಹಿಡಿದು ಹೊರಡುತ್ತೇವೆ. ಅದರಲ್ಲಿ ಆಕೆ ಇಂಥವರ ಹೆಂಡತಿ, ಇಂಥವರ ತಾಯಿ, ಅಷ್ಟೇ. ಆಕೆಯನ್ನು ಹೆಸರು ಹಿಡಿದು ಕೂಗಿದವರು ತವರಿನವರು. ಹಾಗಾಗಿ ಮೊದಲ ಪ್ರಶ್ನೆ "ಅವರ ಹೆಸರೇನು" ಅಲ್ಲ, "ಅವರನ್ನು ಯಾವ ಊರಿಂದ ತಂದಿದ್ದರು" ಅನ್ನುವುದು. ಊರು ಸಿಕ್ಕಿದರೆ ಹೆಸರು ತಾನಾಗಿ ಹತ್ತಿರ ಬರುತ್ತದೆ.

ಹಿರಿಯರನ್ನು ಕೇಳಿದರೆ "ಅದೆಲ್ಲ ನೆನಪಿಲ್ಲಪ್ಪ" ಅಂದುಬಿಡುತ್ತಾರೆ. ಏನು ಮಾಡೋದು?

ಹೆಸರು, ಇಸವಿ ಕೇಳಿದರೆ ಯಾರೂ ಹಾಗೆಯೇ ಹೇಳುತ್ತಾರೆ. ಹಬ್ಬ, ಹೆರಿಗೆ, ಊಟದ ವಿಷಯ ಕೇಳಿ. ಗೌರಿ ಹಬ್ಬಕ್ಕೆ ಬಾಗಿನ ಯಾವ ಊರಿಂದ ಬರುತ್ತಿತ್ತು? ಧಾರವಾಡ, ವಿಜಯಪುರದ ಕಡೆಯವರಾದರೆ, ಪಂಚಮಿಗೆ ಕರೆಯೋಕೆ ಯಾರು ಬರುತ್ತಿದ್ದರು, ಯಾವ ಊರ ಬಂಡಿ? ಮದುವೆಯಲ್ಲಿ ಸೋದರಮಾವ ಅಂತ ನಿಂತವರು ಯಾರು? ವರ್ಷಕ್ಕೊಮ್ಮೆ ಯಾವ ದೇವರಿಗೆ ಹರಕೆ ಕಾಸು ತೆಗೆದಿಡುತ್ತಿದ್ದರು? ಗಂಡನ ಮನೆದೇವರು ಒಂದಾದರೆ, ತವರಿನ ಮನೆದೇವರಿಗೆ ಬೇರೆ ಡಬ್ಬಿಯಲ್ಲಿ ಗುಟ್ಟಾಗಿ ಕಾಸು ಇಡುತ್ತಿದ್ದ ಅಜ್ಜಿಯರು ಎಷ್ಟೋ ಜನ. ಆ ದೇವರ ಗುಡಿ ಇರುವ ಸೀಮೆಯೇ ನಿಮ್ಮ ಮುಂದಿನ ದಾರಿ.

ಚೊಚ್ಚಲ ಹೆರಿಗೆ ಎಲ್ಲಿ ಆಯಿತು ಅಂತ ತಪ್ಪದೆ ಕೇಳಿ. ನಮ್ಮಲ್ಲಿ ಮೊದಲ ಹೆರಿಗೆ ತವರಲ್ಲೇ ಅಲ್ವಾ? ಅಂದರೆ ಹಿರಿಯ ಮಗುವಿನ ಜನನ ದಾಖಲಾಗಿದ್ದರೆ ಅದು ಗಂಡನ ಊರಿನ ಪುಸ್ತಕದಲ್ಲಿ ಇರುವುದಿಲ್ಲ, ತವರೂರಿನದ್ದರಲ್ಲಿ ಇರುತ್ತದೆ. ಬಹಳ ಜನ ಗಂಡನ ಊರಲ್ಲಿ ಹುಡುಕಿ "ಇಲ್ಲ" ಅಂತ ಕೈಬಿಡುತ್ತಾರೆ.

ಇನ್ನೊಂದು ಮಾತು. ಗಂಡಸರಿಗಿಂತ ಮೊದಲು ಹೆಂಗಸರನ್ನು ಕೇಳಿ. ಅದರಲ್ಲೂ ಬೇರೆ ಮನೆಗೆ ಮದುವೆಯಾಗಿ ಹೋದ ಸೋದರತ್ತೆಯರನ್ನು. ಅವರು ತವರನ್ನು ಬಿಟ್ಟು ಹೋದವರು, ಆದ್ದರಿಂದ ನೆನಪಿಟ್ಟುಕೊಂಡವರು. ನಮ್ಮಲ್ಲಿ ಹಾಗೆ ಮದುವೆಯಾಗಿ ಹೋದ ಹಿರಿಯರೊಬ್ಬರು, ಎಂಬತ್ತೆಂಟು ವಯಸ್ಸು, ಫೋಟೋ ನೋಡಿದ ಕೂಡಲೇ "ಈ ಬುಗುಡಿ ಅಮ್ಮಯ್ಯನ ತವರಿನದು" ಅಂದರು. ಮನೆಯಲ್ಲಿ ಇದ್ದ ಗಂಡಸರು ಆ ಫೋಟೋವನ್ನು ನೂರು ಸಲ ನೋಡಿದ್ದರು.

ಒಬ್ಬರೇ ಹೆಂಗಸಿಗೆ ಎರಡು ಹೆಸರು ಬರುತ್ತಿದೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಸಾರಸ್ವತರಲ್ಲಿ, ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಮದುವೆಯ ದಿನವೇ ಸೊಸೆಗೆ ಹೊಸ ಹೆಸರು ಇಡುತ್ತಿದ್ದರು. ಸ್ವಾತಂತ್ರ್ಯ ಹೋರಾಟದ ಉಮಾಬಾಯಿ ಕುಂದಾಪುರ ಅವರನ್ನೇ ನೋಡಿ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದಾಗ ಅವರು ಭವಾನಿ ಗೋಳಿಕೇರಿ. ಮದುವೆಯಾದ ಮೇಲೆ ಹೆಸರೂ ಹೋಯಿತು, ಮನೆತನದ ಹೆಸರೂ ಹೋಯಿತು. ಭವಾನಿಯನ್ನು ಹುಡುಕುವವರಿಗೆ ಉಮಾಬಾಯಿ ಸಿಗುವುದಿಲ್ಲ, ಉಮಾಬಾಯಿಯನ್ನು ಹುಡುಕುವವರಿಗೆ ಭವಾನಿ ಸಿಗುವುದಿಲ್ಲ.

ಹೆಸರು ಪೂರ್ತಿ ಗಂಡನ ಹಿಂದೆ ಮರೆಯಾಗುವುದೂ ಉಂಟು. ಕತೆಗಾರ್ತಿ ಕೊಡಗಿನ ಗೌರಮ್ಮ ತಮ್ಮ ಕತೆಗಳನ್ನು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಪ್ರಕಟಿಸುತ್ತಿದ್ದರು. ಅಚ್ಚಿನಲ್ಲಿ ಬಂದ ಲೇಖಕಿಯ ಕತೆಯೇ ಹೀಗಾದರೆ ನಮ್ಮ ಮನೆಯ ಅಜ್ಜಿಯರದ್ದು ಹೇಗಿರಬೇಡ.

ಇನ್ನು ಪುಟ್ಟಮ್ಮ, ಸಣ್ಣಮ್ಮ, ಅಕ್ಕಯ್ಯ, ಅಮ್ಮಣ್ಣಿ ಅನ್ನುವುದು ಕರೆಯುವ ಹೆಸರು ಇರಬಹುದು, ಇಟ್ಟ ಹೆಸರೇ ಇರಬಹುದು. ಎರಡಕ್ಕೂ ತೆರೆದ ಮನಸ್ಸಿನಿಂದ ಹುಡುಕಿ. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ರೂಢಿ ನೆನಪಿರಲಿ. ಒಂದೇ ಮನೆಯಲ್ಲಿ ಇಬ್ಬರು ಗಂಗಮ್ಮ ಇದ್ದರೆ ಅವರ ನಡುವೆ ಅರವತ್ತು ವರ್ಷ ಇರಬಹುದು. ಹಾಗೆಯೇ, ಮಗಳ ಮಗಳಿಗೆ ಯಾವ ಹೆಸರಿಟ್ಟಿದ್ದಾರೆ ನೋಡಿ. ಮರೆತ ಹೆಸರು ಅಲ್ಲಿ ಉಳಿದಿರುತ್ತದೆ.

ನಮ್ಮ ಊರು ಆಗ ಯಾರ ಕೈಯಲ್ಲಿತ್ತು ಅನ್ನುವುದು ಯಾಕೆ ಮುಖ್ಯ?

ಕಾಗದ ಎಲ್ಲಿದೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಇವತ್ತಿನ ಕರ್ನಾಟಕ ಆಗ ಚೂರುಚೂರಾಗಿತ್ತು. ಮೈಸೂರು ಸಂಸ್ಥಾನವನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ನೋಡಿಕೊಂಡರು, ಆಮೇಲೆ ಒಡೆಯರಿಗೆ ಮರಳಿತು. ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್, ಮಾತ್ರ 1947ರವರೆಗೂ ಬ್ರಿಟಿಷರ ಬಳಿಯೇ ಇತ್ತು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದರಾಸಿನವು. ಬೀದರ್, ಕಲಬುರಗಿ, ರಾಯಚೂರು ನಿಜಾಮರದ್ದು. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಜಮಖಂಡಿ, ಮುಧೋಳ, ಸೊಂಡೂರು, ಸವಣೂರು ಬೇರೆ ಬೇರೆ ಸಣ್ಣ ಸಂಸ್ಥಾನಗಳು.

ಹಾಗಾಗಿ ಸರ್ಕಾರದ ಮೇಲಿನ ಹಂತದ ಕಾಗದಕ್ಕೆ ಬೆಂಗಳೂರು, ಚೆನ್ನೈ, ಮುಂಬಯಿ, ಹೈದರಾಬಾದಿನ ಪತ್ರಾಗಾರಗಳ ಪೈಕಿ ಯಾವುದು ನಿಮ್ಮದು ಅಂತ ಮೊದಲು ತೀರ್ಮಾನಿಸಿಕೊಳ್ಳಿ. ಆಕೆಯ ತವರು ಒಂದು ಸೀಮೆ, ಗಂಡನ ಮನೆ ಇನ್ನೊಂದು ಸೀಮೆ ಇದ್ದರೆ ಎರಡು ಕಡೆ ನೋಡಬೇಕು. ಹೊಳೆಯ ಈಚೆ ಮೈಸೂರು, ಆಚೆ ಮದರಾಸು ಅನ್ನುವ ಊರುಗಳು ಬೇಕಾದಷ್ಟಿದ್ದವು. ಆದರೆ ಹೆಣ್ಣುಮಕ್ಕಳ ಸುಳಿವು ಜಾಸ್ತಿ ಸಿಗುವುದು ಈ ದೊಡ್ಡ ಪತ್ರಾಗಾರಗಳಲ್ಲಿ ಅಲ್ಲ. ತಾಲ್ಲೂಕು ಮಟ್ಟದ ಕಚೇರಿಗಳಲ್ಲಿ.

ಹಳೆಯ ಜನಗಣತಿ ಪುಸ್ತಕದಲ್ಲಿ ಹೆಸರು ಸಿಗುತ್ತದಾ?

ಇಲ್ಲ. ಮೈಸೂರಲ್ಲಿ 1871ರಲ್ಲೇ ಗಣತಿ ಆಯಿತು, ಆದರೆ ಇಂಗ್ಲೆಂಡಿನ ಹಾಗೆ ಮನೆಮನೆಯ ಹಾಳೆಗಳನ್ನು ನಮ್ಮಲ್ಲಿ ಉಳಿಸಿಕೊಳ್ಳಲಿಲ್ಲ. ಲೆಕ್ಕ ಕೂಡಿಸಿದ ಮೇಲೆ ತೆಗೆದುಹಾಕಿದರು. ಉಳಿದದ್ದು ಒಟ್ಟು ಅಂಕಿಗಳು ಮಾತ್ರ. ಮನೆಯ ಹೆಂಗಸರ ಹೆಸರು ಹೇಳಲು ಗಂಡಸರು ಒಪ್ಪದಿದ್ದರೆ ಬರೀ 'ಹೆಂಗಸು' ಎಂದು ಬರೆದುಕೊಳ್ಳಲು ಗಣತಿಯವರಿಗೆ ಅವಕಾಶವೂ ಇತ್ತು.

ಹಳ್ಳಿಯ ಜನನ ಮರಣ ಪುಸ್ತಕ ಬೇರೆ ವಿಷಯ. ಪಟೇಲರು, ಶಾನುಭೋಗರು ಬರೆದು ಕಳಿಸಿದ್ದು ಕೆಲವು ತಾಲ್ಲೂಕು ಕಚೇರಿಗಳಲ್ಲಿ ಇನ್ನೂ ಇದೆ. ನಾಮಕರಣಕ್ಕೆ ಮೊದಲೇ ಬರೆಸಿದ್ದರಿಂದ ಹೆಸರಿನ ಜಾಗದಲ್ಲಿ 'ಹೆಣ್ಣು ಮಗು' ಎಂದಷ್ಟೇ ಇರಬಹುದು. ತಂದೆಯ ಹೆಸರು ಮತ್ತು ಊರು ಹಿಡಿದೇ ಹುಡುಕಬೇಕು.

ಆಸ್ತಿಯ ಕಾಗದಗಳಲ್ಲಿ ಹೆಂಗಸರು ಇರುತ್ತಾರಾ? ಆಸ್ತಿ ಗಂಡಸರ ಹೆಸರಲ್ಲಿ ತಾನೇ ಇದ್ದದ್ದು?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಕೊನೆಗೆ ಅಮ್ಮಯ್ಯ ಸಿಕ್ಕಿದ್ದು ಅಲ್ಲೇ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಗಂಡ ತೀರಿಕೊಂಡು, ಹತ್ತಿರದ ಗಂಡು ವಾರಸುದಾರರು ಇಲ್ಲದಿದ್ದರೆ ಅಥವಾ ಮಕ್ಕಳು ಚಿಕ್ಕವರಿದ್ದರೆ, ಜಮೀನು ಹೆಂಡತಿಯ ಕೈಗೆ ಬರುತ್ತಿತ್ತು. ಆದರೆ ಆಕೆಗೆ ಪೂರ್ತಿ ಹಕ್ಕು ಇರಲಿಲ್ಲ. ಬದುಕಿರುವತನಕ ಅನುಭವಿಸಬಹುದು, ಮಾರಬೇಕಾದರೆ ಕಾನೂನು ಒಪ್ಪುವ ಕಾರಣ ಬೇಕು. ಮಕ್ಕಳ ಪರವಾಗಿ ಮಾರುವ ತಾಯಿಗೂ ಕಾರಣ ತೋರಿಸಬೇಕಿತ್ತು. ಹಾಗಾಗಿ ಕ್ರಯಪತ್ರದಲ್ಲಿ ಆ ಕಾರಣವನ್ನು ಬರೆಯಲೇಬೇಕಿತ್ತು. ಗಂಡನ ಕಾಲದ ಸಾಲ ಇಷ್ಟು, ಮಗಳ ಮದುವೆ ಖರ್ಚು ಇಷ್ಟು, ಗಂಡನ ಉತ್ತರಕ್ರಿಯೆಗೆ ಇಷ್ಟು, ಬರದಲ್ಲಿ ಮಕ್ಕಳ ಹೊಟ್ಟೆಗೆ ಇಷ್ಟು. ಆಕೆಯನ್ನು ಕಟ್ಟಿಹಾಕಿದ ಕಾನೂನೇ ಆಕೆಯ ಬದುಕನ್ನು ನಮಗಾಗಿ ಬರೆದಿಟ್ಟಿದೆ. ಗಂಡಸು ಮಾರಿದ ಪತ್ರದಲ್ಲಿ ಇಷ್ಟು ಸಂಗತಿ ಇರುವುದು ಕಡಿಮೆ.

ಮೈಸೂರು ಸಂಸ್ಥಾನದಲ್ಲಿ 1933ರ ಕಾಯ್ದೆ ಹಿಂದೂ ಹೆಂಗಸರಿಗೆ ಆಸ್ತಿಯಲ್ಲಿ ಒಂದಿಷ್ಟು ಹಕ್ಕು ಕೊಟ್ಟಿತು. ಬ್ರಿಟಿಷ್ ಪ್ರಾಂತ್ಯಗಳಲ್ಲಿ ಅಂಥದ್ದು ಬಂದದ್ದು 1937ರಲ್ಲಿ. ಪೂರ್ತಿ ಹಕ್ಕು ಬಂದದ್ದು 1956ರಲ್ಲಿ. ನಿಮ್ಮ ಅಜ್ಜಿ ವಿಧವೆಯಾದ ವರ್ಷ ಈ ಇಸವಿಗಳ ಯಾವ ಕಡೆ ಬರುತ್ತದೆ ನೋಡಿ. ಎಂಥ ಪತ್ರ ಹುಡುಕಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಪತ್ರ ಓದುವಾಗ ಕೆಲವು ಪದ ಗೊತ್ತಿರಬೇಕು. 'ಬಿನ್' ಅಂದರೆ ಮಗ, 'ಕೋಂ' ಅಂದರೆ ಹೆಂಡತಿ. ಇಂಥಮ್ಮ ಕೋಂ ಲೇಟ್ ಇಂಥಯ್ಯ ಎಂದಿದ್ದರೆ ಗಂಡ ಆಗಲೇ ತೀರಿಕೊಂಡಿದ್ದ. ಕೊನೆಯಲ್ಲಿ 'ಬಿಕ್ಕಲಂ' ಎಂದು ಇರುವುದು ಪತ್ರ ಬರೆದವರ ಹೆಸರು. ಅಲ್ಲೇ ಆಕೆಯ ರುಜು ಅಥವಾ ಎಡಗೈ ಹೆಬ್ಬೆಟ್ಟು ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಾಕ್ಷಿಗಳ ಸಾಲು. ಬೇರೆ ಊರಿನವರು ಯಾರಾದರೂ ಸಾಕ್ಷಿ ಹಾಕಿದ್ದಾರಾ ನೋಡಿ. ಒಂಟಿ ಹೆಂಗಸು ಜಮೀನು ಮಾರುವಾಗ ಮೋಸ ಹೋಗದಿರಲಿ ಅಂತ ತವರಿನಿಂದ ಅಣ್ಣನೋ ತಮ್ಮನೋ ಬಂದು ಕೂತಿರುತ್ತಾನೆ.

ಹೆಸರೇ ಗೊತ್ತಿಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೇಗೆ ಹುಡುಕೋದು?

ಜಮೀನು ಹಿಡಿದು. ನೋಂದಣಿ ಕಚೇರಿಯಲ್ಲಿ ಎರಡು ಬಗೆಯ ಸೂಚಿ ಇರುತ್ತದೆ. ಒಂದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನದು. ಇನ್ನೊಂದು ಊರು ಮತ್ತು ಆಸ್ತಿಯದು. ಹೆಸರು ಗೊತ್ತಿಲ್ಲದವರಿಗೆ ಎರಡನೆಯದೇ ದಿಕ್ಕು. ಮನೆಯ ಹಳೆಯ ಪಹಣಿ, ಖಾತೆ, ಕಂದಾಯ ರಸೀದಿಯಿಂದ ಸರ್ವೆ ನಂಬರ್ ಹಿಡಿದುಕೊಂಡು ಹೋಗಿ. ಈಗ ಆ ಜಮೀನು ನಿಮ್ಮದಲ್ಲದಿದ್ದರೂ ಪರವಾಗಿಲ್ಲ. ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕರಿಸಿದ ನಕಲು ಪಡೆಯಬಹುದು. 1908ರ ನೋಂದಣಿ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. ಇಷ್ಟು ಹಳೆಯದು ಆನ್‌ಲೈನಿನಲ್ಲಿ ಸಿಗುವುದಿಲ್ಲ. ಅರ್ಜಿ ಕೊಟ್ಟು ಕೈಯಲ್ಲೇ ಹುಡುಕಿಸಬೇಕು.

ಒಂದು ಕಚೇರಿಯಲ್ಲಿ ನನಗೆ ಮೂರು ಸಲ "ಅಷ್ಟು ಹಳೇದು ಇಲ್ಲ" ಅಂದರು. ನಾಲ್ಕನೇ ಸಲ ಬಾಯಿಮಾತು ಬಿಟ್ಟು, ಸರ್ವೆ ನಂಬರ್, ಊರು, 1915ರಿಂದ 1925ರವರೆಗೆ ಅಂತ ಬರೆದು ಅರ್ಜಿ ಕೊಟ್ಟೆ. ಹದಿನೈದು ದಿನದಲ್ಲಿ ಪುಸ್ತಕ ಸಿಕ್ಕಿತು. ವರ್ಷದ ಅಂದಾಜು ಕೊಡದೆ ಸುಮ್ನೆ "ಹುಡುಕಿ ಕೊಡಿ" ಅಂದರೆ ಯಾರಿಗೂ ಆಗುವ ಕೆಲಸವಲ್ಲ.

ನಮ್ಮದು ಮಂಗಳೂರು, ಉಡುಪಿ ಕಡೆ. ನಮಗೂ ಇದೇ ದಾರಿಯಾ?

ನಿಮ್ಮದು ಅಳಿಯಸಂತಾನದ ಮನೆತನವಾದರೆ ನೀವು ಪುಣ್ಯವಂತರು. ಬಂಟರು, ಬಿಲ್ಲವರು ಮೊದಲಾದವರಲ್ಲಿ ವಂಶ ಸಾಗುವುದೇ ತಾಯಿಯ ಕಡೆಯಿಂದ. ನಾವು ತಲೆಮಾರಿನ ಮೂಲದಲ್ಲಿ ಗಂಡಸನ್ನು ಕೂರಿಸುವ ಹಾಗೆ ಅಲ್ಲಿ ಹೆಂಗಸು ಕೂತಿರುತ್ತಾಳೆ. ಒಬ್ಬ ಹೆಂಗಸು, ಆಕೆಯ ಮಕ್ಕಳು, ಹೆಣ್ಣುಮಕ್ಕಳ ಕಡೆಯ ಸಂತಾನ ಎಲ್ಲ ಸೇರಿ ಒಂದು 'ಕವರು'. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳ ಲೆಕ್ಕದಲ್ಲಿ ಕುಟುಂಬಗಳು ಪಾಲಾದವು. ಆ ಪಾಲುಪಟ್ಟಿಗಳಲ್ಲಿ, ಕೋರ್ಟಿನ ದಾವೆಗಳಲ್ಲಿ ಮೂಲ ಹೆಂಗಸಿನಿಂದ ಹಿಡಿದು ಎಲ್ಲರ ಹೆಸರು ಬರುತ್ತದೆ. ಪತ್ರ 1950ರ ದಶಕದ್ದಾದರೂ ಅದರಲ್ಲಿರುವ ಹೆಂಗಸು 1850ರವಳಿರಬಹುದು. ಹಾಗಾಗಿ ಸ್ವಾತಂತ್ರ್ಯ ಬಂದ ನಂತರದ ಕಾಗದ ಅಂತ ಪಕ್ಕಕ್ಕೆ ಇಡಬೇಡಿ. ಜೊತೆಗೆ 'ಬಳಿ', ಅಂದರೆ ಗೋತ್ರದಂಥ ಕುಲದ ಹೆಸರು, ಯಾವುದು ಕೇಳಿ. ಬಳಿ ಬರುವುದೂ ತಾಯಿಯಿಂದಲೇ.

"ಧಾತು ಬರದಲ್ಲಿ ಹುಟ್ಟಿದವಳು" ಅಂತಾರೆ. ಅದು ಯಾವ ಇಸವಿ?

1876-77. ಸಂವತ್ಸರದ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಅರವತ್ತು ಸಂವತ್ಸರದ ಚಕ್ರದಲ್ಲಿ ಪ್ರಭವ ಬಂದದ್ದು 1867, 1927, 1987ರಲ್ಲಿ. ಅಲ್ಲಿಂದ ಎಣಿಸಿಕೊಂಡು ಹೋದರೆ ಹತ್ತನೆಯದು ಧಾತು, ಹನ್ನೊಂದನೆಯದು ಈಶ್ವರ. ಈ ಎರಡು ವರ್ಷದ ಬರದಲ್ಲಿ ಮೈಸೂರು ಸಂಸ್ಥಾನ ನಲುಗಿಹೋಯಿತು. 1871ರಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ನಿಮ್ಮ ಅಜ್ಜಿಯ ಅಪ್ಪ ಅಮ್ಮನ ಸುಳಿವೇ ಸಿಗದೆ, ಅತ್ತೆ ಮನೆಯಲ್ಲೋ ಅಜ್ಜನ ಮನೆಯಲ್ಲೋ ಬೆಳೆದಳು ಅಂತ ಮಾತ್ರ ನೆನಪಿದ್ದರೆ ಈ ಬರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಬೆಂಗಳೂರಿಗೆ ಪ್ಲೇಗು ಬಂದ 1898 ವಿಳಂಬಿ. ದೊಡ್ಡ ಜ್ವರ ಅಂತ ಹಿರಿಯರು ಹೇಳುವ 1918ರ ಇನ್‌ಫ್ಲುಯೆಂಜಾ ಕಾಳಯುಕ್ತಿ. ಕಾವೇರಿಯ ದೊಡ್ಡ ಪ್ರವಾಹದ 1924 ರಕ್ತಾಕ್ಷಿ. ಒಂದು ಎಚ್ಚರಿಕೆ: ಸಂವತ್ಸರ ಶುರುವಾಗುವುದು ಯುಗಾದಿಗೆ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರದ್ದಾದರೆ ಇಂಗ್ಲಿಷ್ ಇಸವಿ ಒಂದು ಮುಂದಿನದ್ದಾಗಬಹುದು. ಈಶ್ವರ ಅಂದರೆ 1877 ಕೂಡ ಹೌದು, 1937 ಕೂಡ ಹೌದು. ತಾಯಿ ಮಗಳನ್ನು ಅದಲು ಬದಲು ಮಾಡಿಬಿಟ್ಟೀರಿ, ಜೋಪಾನ.

ಮದರಾಸು ಕಡೆಯ ಕಂದಾಯ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1309 ಅಂದರೆ 1899ರ ಜುಲೈನಿಂದ 1900ರ ಜೂನ್. ಶಕ ವರ್ಷಕ್ಕೆ 78 ಕೂಡಿಸಿ. ತಾರೀಖೇ ಹರಿದುಹೋಗಿದ್ದರೆ ಛಾಪಾ ಕಾಗದದ ಮೇಲಿನ ಚಿತ್ರ ನೋಡಿ. ವಿಕ್ಟೋರಿಯಾ ರಾಣಿ ಇದ್ದರೆ 1901ರ ಆಚೀಚೆ ಅಥವಾ ಅದಕ್ಕೂ ಹಿಂದೆ, ಐದನೇ ಜಾರ್ಜ್ ಇದ್ದರೆ 1910ರ ನಂತರ.

ಶ್ರಾದ್ಧದ ಮಂತ್ರದಿಂದ ಹೆಸರು ಸಿಗುತ್ತದೆ ಅಂತಾರೆ, ನಿಜವಾ?

ಬ್ರಾಹ್ಮಣರ ಮನೆಗಳಲ್ಲಿ ನಿಜ. ಶ್ರಾದ್ಧ, ತರ್ಪಣದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಹೆಸರನ್ನೂ ಹೇಳಬೇಕು. ತಾಯಿಯ ತವರಿನ ಮೂರು ತಲೆಮಾರೂ ಬರುತ್ತದೆ. ಅಪ್ಪನೋ ದೊಡ್ಡಪ್ಪನೋ ಬರೆದಿಟ್ಟುಕೊಂಡ ಚೀಟಿ ಪಂಚಾಂಗದ ಒಳಗೆ ಇರುತ್ತದೆ. ಇಲ್ಲದಿದ್ದರೆ ಮನೆಯ ಪುರೋಹಿತರ ಹಳೆಯ ಪುಸ್ತಕ ಕೇಳಿ. ತಿಥಿ ಯಾವುದು ಅನ್ನುವುದೂ ಸುಳಿವು. ಮಹಾಲಯ ಪಕ್ಷದಲ್ಲಿ ಅವಿಧವಾ ನವಮಿಯ ದಿನ ಆಕೆಗೆ ಎಡೆ ಇದ್ದರೆ, ಗಂಡ ಇರುವಾಗಲೇ ಮುತ್ತೈದೆಯಾಗಿ ತೀರಿಕೊಂಡವಳು. ಅಂದರೆ ವಿಧವೆಯ ಕ್ರಯಪತ್ರ ಹುಡುಕುವುದು ದಂಡ. ಗಂಡನಿಗೆ ಎರಡನೇ ಮದುವೆ ಆಗಿತ್ತಾ ಅಂತ ನೋಡಬೇಕು.

ಒಕ್ಕಲಿಗರು, ಕುರುಬರು ಮೊದಲಾದವರ ಮನೆಗಳಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಯಾರ ಹೆಸರಲ್ಲಿ ಸೀರೆ ಇಡುತ್ತಾರೆ ಕೇಳಿ. ಆಮೇಲೆ ಹೆಳವರು. ಸುಗ್ಗಿಯ ನಂತರ ಊರೂರಿಗೆ ಬಂದು ಮನೆತನದ ವಂಶಾವಳಿ ಹೇಳುವವರು ಇನ್ನೂ ಇದ್ದಾರೆ, ಅವರ ಬಳಿ ಪುಸ್ತಕಗಳಿವೆ. ಅವರು ಹೇಳುವುದು ಗಂಡು ಸಂತತಿಯ ಸಾಲೇ ಮುಖ್ಯವಾಗಿ. ನಿಲ್ಲಿಸಿ, "ಈ ಮನೆಗೆ ಸೊಸೆ ಎಲ್ಲಿಂದ ಬಂದಳು?" ಅಂತ ಒಂದು ಪ್ರಶ್ನೆ ಕೇಳಿ. ಕೂರಿಸಿ, ಊಟ ಹಾಕಿ, ಕೊಡಬೇಕಾದದ್ದು ಕೊಟ್ಟು ಕೇಳಿ. ಅವರ ಬದುಕು ಅದರ ಮೇಲೆಯೇ ನಡೆಯುವುದು.

ಕ್ರೈಸ್ತ, ಮುಸ್ಲಿಂ ಮನೆತನಗಳಿಗೆ?

ಚರ್ಚಿನ ಪುಸ್ತಕಗಳಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಸಿಗುತ್ತಾರೆ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ಬರೆದಿರುತ್ತದೆ. ಕರಾವಳಿಯ ಕಥೊಲಿಕರಿಗೆ 1784ರಲ್ಲಿ ಟಿಪ್ಪು ಸೆರೆಹಿಡಿದು ಒಯ್ದ ಕಾಲಕ್ಕಿಂತ ಹಿಂದಿನದು ಸಿಗುವುದು ಬಹಳ ಕಷ್ಟ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅವರ ಕಾಗದಗಳು ಮಂಗಳೂರಿನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲೂ ಇವೆ. ಮತಾಂತರದ ದಿನ ಹೆಸರು ಬದಲಾಗಿರುತ್ತದೆ, ಹಳೆಯ ಹೆಸರು ಅದೇ ಸಾಲಿನಲ್ಲಿ ಇದೆಯಾ ನೋಡಿ. ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಕುಟುಂಬದವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದರಾಸು ಪ್ರಾಂತ್ಯದ ಚರ್ಚ್ ವರದಿಗಳನ್ನು ನೋಡಬೇಕು. ಮುಸ್ಲಿಂ ಕುಟುಂಬಗಳಲ್ಲಿ ಖಾಜಿಗಳ ನಿಕಾಹ್ ಪುಸ್ತಕ. ಅದರಲ್ಲಿ ವಧುವಿನ ಹೆಸರು, ತಂದೆಯ ಹೆಸರು, ಮಹರ್ ಎಷ್ಟು ಅನ್ನುವುದು ಇರುತ್ತದೆ.

ನಮ್ಮವರಿಗೆ ಜಮೀನೇ ಇರಲಿಲ್ಲ. ಕೂಲಿ ಮಾಡಿದವರು. ನಮಗೆ ಏನೂ ಸಿಗಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಾಗದ ಬರೆದದ್ದು ಆಸ್ತಿ ಇದ್ದವರಿಗಾಗಿ. ಆದರೂ ಕೆಲವು ದಾರಿ ಇವೆ. ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದರೆ ಪಿಂಚಣಿ ಕಡತದಲ್ಲಿ ಹೆಂಡತಿಯ ಹೆಸರು ಇರುತ್ತದೆ. ಮಿಷನ್ ಶಾಲೆ, ಮಿಷನ್ ಆಸ್ಪತ್ರೆಯ ಪುಸ್ತಕಗಳಲ್ಲಿ ಬೇರೆಲ್ಲೂ ಸಿಗದ ಹೆಸರುಗಳಿವೆ. ಕೋಲಾರದ ಚಿನ್ನದ ಗಣಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋದವರಾದರೆ ಅಲ್ಲಿನ ಲೈನ್ ಮನೆಗಳಲ್ಲಿ ಜೊತೆಗಿದ್ದ ಕುಟುಂಬಗಳನ್ನು ಹುಡುಕಿ. ಒಂದೇ ಊರಿಂದ ಗುಂಪಾಗಿ ಹೋದವರು ಅವರು. ಒಬ್ಬರಿಗೆ ಮರೆತ ಊರು ಇನ್ನೊಬ್ಬರಿಗೆ ನೆನಪಿರುತ್ತದೆ.

ಹಡಗು ಹತ್ತಿದವರದ್ದು ಇನ್ನೊಂದು ಬಗೆ. ಮದರಾಸಿನಿಂದ 'ಟ್ರೂರೊ' ಹಡಗು ಕರಾರು ಕೂಲಿಗಳನ್ನು ಹೊತ್ತು ದಕ್ಷಿಣ ಆಫ್ರಿಕಾದ ಡರ್ಬನ್ ತಲುಪಿದ್ದು 1860ರ ನವೆಂಬರ್ 16ಕ್ಕೆ. 1911ರವರೆಗೆ ಹಡಗುಗಳು ಹೋದವು. ಫಿಜಿಗೆ ದಕ್ಷಿಣದವರನ್ನು ಕಳಿಸಲು ಶುರು ಮಾಡಿದ್ದು 1903ರಿಂದ. ಮದರಾಸಿನಲ್ಲಿ ಹಡಗು ಹತ್ತಿದವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಹಡಗಿನ ಪಟ್ಟಿಯಲ್ಲಿ ಹೆಂಗಸಿನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು ಎಲ್ಲ ಬರೆದಿದ್ದಾರೆ. ಮಾರಿಷಸ್ಸಿನ ಪಟ್ಟಿಗಳು ಅಲ್ಲಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಊರಿನ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಗಟ್ಟಿಯಾಗಿ ಓದಿ ನೋಡಿ, ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ.

ಮದುವೆಯ ವರ್ಷ, ಮೊದಲ ಮಗುವಿನ ವರ್ಷದ ನಡುವೆ ಎಂಟು ವರ್ಷ ಇದೆ. ತಪ್ಪಾಗಿದೆಯಾ?

ತಪ್ಪಿಲ್ಲದಿರಬಹುದು. ಮದುವೆ ಒಂದು, ಪ್ರಸ್ತ ಇನ್ನೊಂದು. ಆರೇಳು ವರ್ಷದ ಹುಡುಗಿಗೆ ಮದುವೆ ಮಾಡಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಕಳಿಸುತ್ತಿದ್ದರು. ಮೈಸೂರಿನಲ್ಲಿ 1894ರ ಕಾನೂನು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಅಷ್ಟಕ್ಕೇ ಎಷ್ಟು ವಿರೋಧ ಬಂತು ಆಗ. ಬ್ರಿಟಿಷ್ ಭಾರತದಲ್ಲಿ ಹದಿನಾಲ್ಕು ವರ್ಷದ ಮಿತಿ ತಂದ ಶಾರದಾ ಕಾಯ್ದೆ 1930ರ ಏಪ್ರಿಲ್‌ನಿಂದ ಜಾರಿಯಾಯಿತು. ಅದಕ್ಕೆ ಮೊದಲು ಅವಸರದಲ್ಲಿ ನಡೆದ ಮದುವೆಗಳು ಬಹಳ. ನಿಮ್ಮ ಮನೆಯಲ್ಲಿ 1929-30ರಲ್ಲಿ ಅಕ್ಕ ತಂಗಿಯರಿಗೆ ಒಟ್ಟಿಗೆ ಮದುವೆ ಆಗಿದ್ದರೆ ಕಾರಣ ಇದಿರಬಹುದು.

ಅಜ್ಜಿಯ ಬಗ್ಗೆ ಮನೆಯವರು ಮುಚ್ಚಿಟ್ಟ ವಿಷಯ ಗೊತ್ತಾಯಿತು. ಬರೆಯಲಾ, ಬೇಡವಾ?

ಎರಡನೇ ಹೆಂಡತಿ, ಬಾಲವಿಧವೆ, ಗುಡಿಗೆ ಬಿಟ್ಟವಳು, ಮನೆ ಬಿಟ್ಟು ಹೋದವಳು, ಹೀಗೆ ಏನಾದರೂ ಬರಬಹುದು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಬರೆದಿಡಿ, ಆದರೆ ಬದುಕಿರುವವರನ್ನು ಕೇಳದೆ ಊರಿಗೆಲ್ಲ ತೋರಿಸಬೇಡಿ. ನಾಚಿಕೆ ಪಡಬೇಕಾದವಳು ಆಕೆಯಲ್ಲ. ಹದಿನಾಲ್ಕಕ್ಕೆ ವಿಧವೆಯಾದ ನಂಜನಗೂಡು ತಿರುಮಲಾಂಬ ಮನೆಯಲ್ಲೇ ಕೂತು ಓದಿ, ಬರೆದು, 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿದರು. ಗುಡಿಯ ಸೇವೆಗೆ ಇದ್ದ ಕುಟುಂಬಗಳ ಹೆಂಗಸರು ತಮ್ಮ ಹೆಸರಿನಲ್ಲೇ ಮನೆ, ಜಮೀನು ಇಟ್ಟುಕೊಂಡಿದ್ದರು, ಉಯಿಲು ಬರೆದರು. ಮೈಸೂರು ಸರ್ಕಾರ 1909ರಲ್ಲಿ ಆ ಪದ್ಧತಿ ನಿಲ್ಲಿಸಿತು. ಅವರ ದಾಖಲೆ ಗೃಹಿಣಿಯರದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಹಾಗೆ ಸಿಕ್ಕಿದ ಅಜ್ಜಿಯನ್ನು ಮತ್ತೆ ಮುಚ್ಚಿಡುವುದು ಎರಡನೇ ಸಲದ ಅನ್ಯಾಯ.

ಸೋದರಮಾವನನ್ನೇ ಮದುವೆಯಾಗಿದ್ದಾರೆ. ವಂಶವೃಕ್ಷದಲ್ಲಿ ಹೇಗೆ ತೋರಿಸೋದು?

ಕೊಂಬೆಗಳು ಮತ್ತೆ ಕೂಡಲಿ, ಬಿಡಿ. ಅಕ್ಕನ ಮಗಳು, ಅತ್ತೆಯ ಮಗಳು ಅಂತ ಒಳಗೊಳಗೇ ಸಂಬಂಧ ಬೆಳೆಸುವುದು ನಮ್ಮಲ್ಲಿ ಮಾಮೂಲು. ವಿದೇಶದವರು ಮಾಡಿದ ಕೆಲವು ಸಾಫ್ಟ್‌ವೇರ್ ಇದನ್ನು ತಪ್ಪು ಅಂತ ತೋರಿಸುತ್ತದೆ, ಹೆದರಬೇಡಿ. ಇದರಿಂದ ಒಂದು ಅನುಕೂಲವೂ ಇದೆ. ಅತ್ತೆಯೇ ಆಕೆಯ ಅಜ್ಜಿಯಾಗಿದ್ದರೆ ಗಂಡನ ಮನೆಯ ಕಾಗದದಲ್ಲೇ ತಾಯಿಯ ತವರೂ ಸಿಕ್ಕಿಬಿಡುತ್ತದೆ. ಅಕ್ಕ ಸತ್ತ ಮೇಲೆ ತಂಗಿಯನ್ನು ಕೊಡುವುದೂ ಇತ್ತು. ಇಬ್ಬರನ್ನು ಒಬ್ಬಳೆಂದು ಬರೆದುಬಿಡಬೇಡಿ.

ಹಳೆಯ ಬರಹ ಓದಲು ಬರುವುದಿಲ್ಲ.

ಮುಂಬಯಿ ಕಡೆಯ ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರಬಹುದು, ನಿಜಾಮರ ಕಡೆಯದು ಉರ್ದುವಿನಲ್ಲಿ. ಶಾನುಭೋಗರ ಕನ್ನಡವೂ ಪದ ಬಿಡಿಸದೆ ಒಂದೇ ಎಳೆಯಲ್ಲಿ ಓಡುತ್ತದೆ. ಒಂದು ಪತ್ರದ ಮೊದಲ ಮೂರು ಸಾಲು, ಅಂದರೆ ತಾರೀಖು, ಊರು, ಹೆಸರು ಓದಲು ಕಲಿತರೆ ಸಾಕು, ಬೇಕಾದ್ದು ಆರಿಸಬಹುದು. ಆಮೇಲೆ ನಿವೃತ್ತ ಪತ್ರಬರಹಗಾರರನ್ನು ಕೇಳಿ. ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಡತ ಸಿಕ್ಕರೆ ಒರೆಸಬೇಡಿ. ಬಳಪದಲ್ಲಿ ಬರೆದದ್ದು, ಒದ್ದೆ ಬಟ್ಟೆ ತಾಗಿದರೆ ಹೋಯಿತು. ಯಾವ ಹಳೆಯ ಪತ್ರಕ್ಕೂ ಲ್ಯಾಮಿನೇಶನ್ ಬೇಡ, ಸೆಲೋಟೇಪ್ ಬೇಡ. ಹಗಲು ಬೆಳಕಿನಲ್ಲಿ ಫೋಟೋ ತೆಗೆದು, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ?

ತಾಯಿಯಿಂದ ತಾಯಿಗೆ ಹೋಗುವ ಒಂದು ಎಳೆ ಅದರಲ್ಲಿ ಕಾಣುತ್ತದೆ. ಅದು ಹೇಳುವುದು ಸಾವಿರಾರು ವರ್ಷದ ಮಾತು. ಹೆಸರು, ಊರು ಹೇಳುವುದಿಲ್ಲ. ಆ ದುಡ್ಡಲ್ಲಿ ನಾಲ್ಕು ಸಲ ತವರೂರಿಗೆ ಹೋಗಿ ಬನ್ನಿ.

ಕೊನೆಗೆ ಅಮ್ಮಯ್ಯನ ಹೆಸರು ಸಿಕ್ಕಿತಾ?

ಸಿಕ್ಕಿತು. 1921ರ ಕ್ರಯಪತ್ರ. ಗಂಡ ಕಾಳಯುಕ್ತಿ ವರ್ಷದ ಜ್ವರದಲ್ಲಿ ತೀರಿಕೊಂಡದ್ದು, ಮಕ್ಕಳು ಇನ್ನೂ ಚಿಕ್ಕವರು ಅನ್ನುವುದು, ಹಿರಿಯ ಮಗಳ ಮದುವೆಗೆ ಮಾಡಿದ ಸಾಲ, ಒಂದು ಎಕರೆ ಚಿಲ್ಲರೆ ಖುಷ್ಕಿ, ಅಂದರೆ ಮಳೆ ನಂಬಿದ ಜಮೀನು. ಕೆಳಗೆ ಹೆಬ್ಬೆಟ್ಟು ಅಲ್ಲ, ರುಜು! ಅವರಿಗೆ ಓದು ಬರಹ ಬರುತ್ತಿತ್ತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಸಾಕ್ಷಿ ಬೇರೆ ಊರಿನವರು. ಆ ಊರಿಗೆ ಹೋದೆ. ಸಾಕ್ಷಿ ಹಾಕಿದವರ ಮೊಮ್ಮಗನಿಗೆ ನಮ್ಮ ಪರಿಚಯವೇ ಇರಲಿಲ್ಲ. ಆದರೆ ಅವರ ತಾಯಿ, ಮಂಚದಲ್ಲಿ ಮಲಗಿದ್ದವರು, ತಲೆ ಎತ್ತಿ, "ಆಕೆಗೆ ಬಾಗಿನ ಕಳಿಸೋದು ನಿಲ್ಲಿಸಿದ್ದು ನಮ್ಮ ಮಾವನೋರು ಹೋದ ಮೇಲೆ" ಅಂದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ತವರಿನವರು ಬೇಡ ಅಂದಿದ್ದಾರೆ. ಕಳೆದ ಹಿರಿಯರ ಹಬ್ಬಕ್ಕೆ ಸೋದರಮಾವ ಎಡೆಯ ಮುಂದೆ ಸೀರೆ ಇಟ್ಟು ಅದನ್ನು ಗಟ್ಟಿಯಾಗಿ ಹೇಳಿದರು. ಗೌರಿ ಹಬ್ಬಕ್ಕೆ ಆ ಊರಿಂದ ಅಮ್ಮನಿಗೆ ಬಾಗಿನ ಬಂದಿತ್ತು.